ಒಂದೇ ಗಿಡ ಬಂದು ಮೂವತ್ತು ಬಗೆ ಆಗುತ್ತಾ?

ಪ್ರಶ್ನೆ: ಸಮುದ್ರದ ನಡುವಿನ ದ್ವೀಪಗಳಲ್ಲಿ ಬೇರೆಲ್ಲೂ ಇಲ್ಲದ ಗಿಡಗಳಿವೆ ಅಂತಾರೆ. ಅವು ಅಲ್ಲಿಗೆ ಹೋದದ್ದು ಹೇಗೆ? ಅಲ್ಲಿನ ಹವೆಗೆ ತಕ್ಕಂತೆ ಗಿಡ ತನ್ನನ್ನು ತಾನೇ ಬದಲಾಯಿಸಿಕೊಳ್ಳುತ್ತಾ?
(ಸಿಂದಗಿಯ ಓದುಗರೊಬ್ಬರು)

ಎರಡನೇ ಪ್ರಶ್ನೆಯಿಂದಲೇ ಶುರು ಮಾಡೋಣ, ಎಡವಟ್ಟಾಗುವುದು ಅಲ್ಲೇ. ಯಾವ ಗಿಡವೂ ಮನಸ್ಸು ಮಾಡಿ ಬದಲಾಗುವುದಿಲ್ಲ. ನಿಮ್ಮ ಕಡೆ ಬಿತ್ತನೆಗೆ ಬಿಳಿಜೋಳ ತೆಗೆದಿಡುವುದನ್ನು ನೋಡಿರುತ್ತೀರಿ. ತುಂಬಿದ, ಗಟ್ಟಿ ತೆನೆ ಆರಿಸಿ ಬೇರೆ ಇಡುತ್ತಾರೆ. ವರ್ಷ ವರ್ಷ ಹೀಗೇ ಮಾಡಿದರೆ ಹೊಲದ ಜೋಳದ ಚಹರೆಯೇ ಬೇರೆಯಾಗುತ್ತದೆ. ಯಾವ ದಂಟೂ ತಾನಾಗಿ ಬದಲಾಗಿರುವುದಿಲ್ಲ, ಯಾವುದರ ಕಾಳು ಮುಂದಕ್ಕೆ ಉಳಿಯಿತು ಅನ್ನುವುದಷ್ಟೇ ಲೆಕ್ಕ. ದ್ವೀಪದಲ್ಲಿ ಆರಿಸುವ ರೈತನಿಲ್ಲ. ಮಳೆ, ಬಿಸಿಲು, ಚಳಿಯೇ ಆರಿಸುತ್ತವೆ.

ಹವಾಯಿಯನ್ನು ತಗೊಳ್ಳಿ. ಸಮುದ್ರದ ತಳದಿಂದ ಉಕ್ಕಿದ ಜ್ವಾಲಾಮುಖಿಯ ನೆಲ ಅದು. ಹತ್ತಿರದ ಖಂಡ 3,500 ಕಿ.ಮೀ.ಗಿಂತ ಜಾಸ್ತಿ ದೂರ. ಮೊದಲು ಅಲ್ಲಿದ್ದದ್ದು ಬರೀ ಕರಿಕಲ್ಲು. ಸುಮಾರು 50 ಲಕ್ಷ ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾ ಕಡೆಯ ಟಾರ್‌ವೀಡ್ ಎಂಬ ಜಿಗುಟು ಗಿಡದ ಬೀಜ ಅಲ್ಲಿಗೆ ಬಂತು, ಬಹುಶಃ ಹಕ್ಕಿಯ ಪುಕ್ಕಕ್ಕೆ ಅಂಟಿಕೊಂಡು. ಉತ್ರಾಣಿ ಕಾಳು ಧೋತರಕ್ಕೆ ಹತ್ತಿ ಮನೆತನಕ ಬರುತ್ತಲ್ಲ, ಹಾಗೆ. ಅಂದ ಹಾಗೆ ಟಾರ್‌ವೀಡು ನಮ್ಮ ಸೂರ್ಯಪಾನ, ಕುಸುಬಿ, ಗುರೆಳ್ಳಿನ ಕುಟುಂಬದ್ದೇ.

ಬಂದ ಅತಿಥಿಗೆ ಅಲ್ಲಿ ಪೈಪೋಟಿ ಕಡಿಮೆ, ಜಾಗ ಮಾತ್ರ ನಾನಾ ಥರದ್ದು. ಕವಾಯಿ ಅನ್ನೋ ಒಂದೇ ದ್ವೀಪ ನೋಡಿ. ವಾಯಲೆಯಲೆ ಶಿಖರದ ಮೇಲೆ ವರ್ಷಕ್ಕೆ 10,000 ಮಿ.ಮೀ. ಆಸುಪಾಸು ಮಳೆ. ಅಲ್ಲಿಂದ 25 ಕಿ.ಮೀ. ದೂರದ ಪಶ್ಚಿಮ ಕರಾವಳಿಯಲ್ಲಿ ಹೆಚ್ಚುಕಡಿಮೆ ನಮ್ಮ ವಿಜಯಪುರದಷ್ಟೇ. ಗಾಳಿ ತಂದ ಮೋಡವನ್ನೆಲ್ಲ ಬೆಟ್ಟ ಹಿಂಡಿಕೊಂಡುಬಿಡುತ್ತದೆ. ಬೆಳಗಾವಿ ಜಿಲ್ಲೆಯಲ್ಲೇ ಕಣಕುಂಬಿಗೂ ಅಥಣಿಗೂ ಎಷ್ಟು ಫರಕು ಅಲ್ವಾ? ಅಂಥದ್ದನ್ನೇ ಇನ್ನೂ ಜಗ್ಗಿ, ಒಂದೇ ತಾಲೂಕಿನಷ್ಟು ಜಾಗದಲ್ಲಿ ತುರುಕಿದ ಹಾಗೆ.

ಹಾಗಾಗಿ ಆ ಒಂದೇ ಮೂಲದಿಂದ ಈಗ ಸುಮಾರು 30 ಜಾತಿಗಳಿವೆ. ಶಿಖರದ ಜೌಗಿನಲ್ಲಿರುವುದು ದಿಂಬಿನ ಹಾಗೆ ನೆಲಕ್ಕೆ ಒತ್ತಿಕೊಂಡಿದೆ. ಒಣ ಇಳಿಜಾರಿನದು ಕೋಲಿನ ತುದಿಗೆ ಎಲೆಗೊಂಚಲು ಸಿಕ್ಕಿಸಿದಂತಿದೆ. ಕಾಡಿನಲ್ಲೊಂದು ಬಳ್ಳಿ, ಇನ್ನೊಂದು ಮರ. ಒಂದೇ ಅಜ್ಜಿಯ ಮೊಮ್ಮಕ್ಕಳು ಅಂದರೆ ನಂಬುವುದು ಕಷ್ಟ, ಆದರೆ ಇವುಗಳ ಡಿಎನ್‌ಎ ಹೇಳುವುದು ಅದನ್ನೇ.

ಇವುಗಳಲ್ಲಿ ನನಗೆ ಇಷ್ಟ ಸಿಲ್ವರ್‌ಸ್ವೋರ್ಡ್. ಚಿತ್ರದಲ್ಲಷ್ಟೇ ನೋಡಿದ್ದೇನೆ. ಅದು ಬೆಳೆಯುವ, ಮಾವಿ ದ್ವೀಪದ ಹಲೇಆಕಲಾ ಪರ್ವತದ ಎತ್ತರ 3,055 ಮೀಟರ್. ಹಗಲು ಸುಡುವ ಬಿಸಿಲು, ರಾತ್ರಿ ಕೊರೆಯುವ ಚಳಿ. ಎಲೆಯ ಮೇಲೆ ಬೆಳ್ಳಿಬಣ್ಣದ ಒತ್ತಾದ ಕೂದಲು, ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಎಲೆಯ ಒಳಗೆ ಲೋಳೆಯಂಥ ಪದಾರ್ಥ, ನೀರು ಹಿಡಿದಿಡಲು. ಹತ್ತಾರು ವರ್ಷ ಸುಮ್ನೆ ಗುಂಡಗೆ ಕೂತಿದ್ದು, ಕೊನೆಗೊಮ್ಮೆ ಆಳೆತ್ತರದ ಹೂದಂಟು ಬಿಟ್ಟು, ಬೀಜ ಉದುರಿಸಿ ಒಣಗಿಹೋಗುತ್ತದೆ.

ದ್ವೀಪ ದ್ವೀಪದ ನಡುವೆಯೂ ಸಮುದ್ರ ಇದೆಯಲ್ಲ, ಅದೂ ಒಂದು ಕಾರಣ. ಪಕ್ಕದ ದ್ವೀಪಕ್ಕೆ ದಾಟಿದ ಬೀಜ ಹಳೇ ಬಳಗದ ಜೊತೆ ಬೆರೆಯುವುದಿಲ್ಲ, ತನ್ನ ದಾರಿಯೇ ಬೇರೆ ಹಿಡಿಯುತ್ತದೆ.

ಇನ್ನೊಂದು ಮಜಾ ಅಂದರೆ, ಅಲ್ಲಿ ಆಡು, ದನದಂಥ ಮೇಯುವ ಪ್ರಾಣಿಗಳೇ ಇರಲಿಲ್ಲ. ಹಾಗಾಗಿ ಕೆಲವು ಗಿಡಗಳು ಕಾಲಕ್ರಮೇಣ ಮುಳ್ಳನ್ನೇ ಕಳೆದುಕೊಂಡವು. ಪುದೀನ ಕುಟುಂಬದ ಹಲವು ಗಿಡಗಳಿಗೆ ಘಾಟು ಹೋಯಿತು. ಕುಸುಬಿ ಕಿತ್ತು ಕೈ ಚುಚ್ಚಿಸಿಕೊಂಡವರಿಗೆ ಮುಳ್ಳು ಯಾಕೆ ಬೇಕು ಅಂತ ಗೊತ್ತು, ಆಡು ಬಾಯಿ ಹಾಕುವ ಮೊದಲು ಯೋಚಿಸುತ್ತದೆ. ಹವಾಯಿಗೆ ಮನುಷ್ಯರು ಆಡು, ದನ ತಂದಾಗ ಈ ಗಿಡಗಳ ಬಳಿ ಏನೂ ಇರಲಿಲ್ಲ. ಸಿಲ್ವರ್‌ಸ್ವೋರ್ಡ್ ಬಹುತೇಕ ಅಳಿದೇಹೋಗುವ ಹಂತಕ್ಕೆ ಬಂತು. ಈಗ ಹಲೇಆಕಲಾದ ಸುತ್ತ ಆಡು ಬರದಂತೆ ಬೇಲಿ ಹಾಕಿ ಕಾಯುತ್ತಿದ್ದಾರೆ.