ಮದ್ರಾಸಿನ ಸೈಕ್ಲೋನು, ಕೋಲಾರದ ರಾಗಿ

ನವೆಂಬರ್ ಬಂತೆಂದರೆ ಕೋಲಾರ, ಚಿಕ್ಕಬಳ್ಳಾಪುರದ ರೈತರ ಕಣ್ಣು ಬಂಗಾಳಕೊಲ್ಲಿಯ ಮೇಲೆ. ರಾಗಿ ಕೊಯ್ದು ಅರಿ ಹಾಕಿದ ಹೊಲಕ್ಕೆ ಎರಡು ದಿನ ಜಡಿ ಹಿಡಿದರೆ ಸಾಕು, ನೆಲಕ್ಕೆ ತಾಗಿದ ತೆನೆ ಅಲ್ಲೇ ಮೊಳಕೆಯೊಡೆಯುತ್ತದೆ. ಹುಲ್ಲು ಕಪ್ಪಾಗಿ ದನವೂ ಮೂಸುವುದಿಲ್ಲ. ಟಿವಿಯಲ್ಲಿ ಮಾತ್ರ ದಿನವಿಡೀ ಒಂದೇ ಮಾತು: ಚಂಡಮಾರುತ ಕರಾವಳಿಗೆ ಎಲ್ಲಿ, ಎಷ್ಟು ಗಂಟೆಗೆ ಅಪ್ಪಳಿಸುತ್ತದೆ?

ಮುನ್ಸೂಚನೆ ಬೆಳೆದದ್ದೇ ಕರಾವಳಿಯ ಜೀವ ಉಳಿಸಲು. 1864ರ ಕಲ್ಕತ್ತಾ ಚಂಡಮಾರುತ, 1875ರಲ್ಲಿ ಹವಾಮಾನ ಇಲಾಖೆ, 1970ರಲ್ಲಿ ವಿಶಾಖಪಟ್ಟಣದ ರಾಡಾರ್, ಆಮೇಲೆ ಉಪಗ್ರಹಗಳು. 1999ರಲ್ಲಿ ಒಡಿಶಾದಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಚಂಡಮಾರುತ ಅದೇ ಕರಾವಳಿಗೆ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವು ನೂರು ದಾಟಲಿಲ್ಲ. 24 ಗಂಟೆ ಮುಂಚೆ ಹೇಳುವ ಜಾಗಕ್ಕೂ ನಿಜಕ್ಕೂ ಈಗ ಸರಾಸರಿ 80 ಕಿ.ಮೀ. ಆಸುಪಾಸಿನ ವ್ಯತ್ಯಾಸ.

ಮಳೆಯ ಲೆಕ್ಕ ಅಷ್ಟು ಸುಲಭವಾಗಿ ಕೈಗೆ ಸಿಕ್ಕಿಲ್ಲ. ಚಂಡಮಾರುತದ ದರ್ಜೆ ನಿಗದಿಯಾಗುವುದು ಗಾಳಿಯ ವೇಗದಿಂದ. ಗಂಟೆಗೆ 62 ಕಿ.ಮೀ. ಮುಟ್ಟಿದರೆ ಹೆಸರಿಡುತ್ತಾರೆ. ಮಳೆಗೆ ಆ ದರ್ಜೆಯ ಹಂಗಿಲ್ಲ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚೆನ್ನೈಗೆ ಅಪ್ಪಳಿಸಲೇ ಇಲ್ಲ. ಕಡಲಲ್ಲೇ ನಿಧಾನವಾಗಿ ಉತ್ತರಕ್ಕೆ ಸಾಗಿ ಆಂಧ್ರದ ಬಾಪಟ್ಲ ಬಳಿ ದಡ ಹತ್ತಿತು, ಅಷ್ಟರಲ್ಲಿ ಚೆನ್ನೈ ಮುಳುಗಿತ್ತು. ಉಬ್ಬಿದ ಕಡಲು ಅಡ್ಯಾರ್, ಕೂವಂ ನದಿಗಳ ನೀರನ್ನು ಅಳಿವೆಯಲ್ಲೇ ತಡೆಯುತ್ತದೆ. ದಕ್ಷಿಣ ಚೆನ್ನೈನ ಮಳೆನೀರನ್ನು ಹಿಡಿದಿಟ್ಟುಕೊಳ್ಳಬೇಕಿದ್ದ ಪಳ್ಳಿಕರಣೈ ಜೌಗಿನ ಬಹುಪಾಲು ಜಾಗದಲ್ಲಿ ಕಟ್ಟಡಗಳೆದ್ದಿವೆ. ಕೆರೆಯಂಗಳದ ಲೇಔಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮರುವರ್ಷ ನವೆಂಬರ್ 30ರಂದು ಫೆಂಗಲ್ ಪುದುಚೇರಿ ಬಳಿ ದಡ ಹತ್ತಿದಾಗ ಗಾಳಿ ಗಂಟೆಗೆ 70–80 ಕಿ.ಮೀ. ಅಷ್ಟೇ. ಆದರೆ ಅಲ್ಲೇ ಗಂಟೆಗಟ್ಟಲೆ ಕದಲದೆ ನಿಂತುಬಿಟ್ಟಿತು. ಬಲ ಕುಂದಿ ಒಳನಾಡಿಗೆ ಸರಿದ ಮೇಲೂ ಕೋಲಾರದ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಒಂದೇ ದಿನಕ್ಕೆ ಸುಮಾರು 50 ಸೆಂ.ಮೀ. ಸುರಿಯಿತು.

ಹಾಗಾಗಿ ಇಲಾಖೆಯ ಬುಲೆಟಿನ್‌ನಲ್ಲಿ ನಾವು ಮೊದಲು ನೋಡಬೇಕಾದ್ದು ಕಳೆದ 6 ಗಂಟೆಗಳಲ್ಲಿ ಚಂಡಮಾರುತ ಸಾಗಿದ ವೇಗ. ಗಂಟೆಗೆ 15 ಕಿ.ಮೀ. ಇದ್ದದ್ದು 6–7ಕ್ಕೆ ಇಳಿದರೆ ಮಳೆ ಒಂದೇ ಕಡೆ ಹೊಯ್ಯುತ್ತದೆ. ದಿಕ್ಕು ಪಶ್ಚಿಮಕ್ಕೋ ವಾಯವ್ಯಕ್ಕೋ ಇದ್ದರೆ ಕೊಯ್ಲು ನಿಲ್ಲಿಸಿ. ನಿಂತ ಪೈರು ಅರಿ ಬಿದ್ದ ಪೈರಿಗಿಂತ ಮಳೆ ತಾಳುತ್ತದೆ. ಕೊಯ್ದು ಒಣಗಿದ್ದನ್ನು ಕಂತೆ ಕಟ್ಟಿ, ಎತ್ತರದ ಜಾಗದಲ್ಲಿ ತೆನೆ ಒಳಮುಖವಾಗಿ ಮೆದೆ ಹಾಕಿ ಟಾರ್ಪಾಲು ಮುಚ್ಚಿ. ಹಸಿ ಅರಿಯನ್ನು ಮಾತ್ರ ಅವಸರಕ್ಕೆ ಮೆದೆ ಒಟ್ಟಬೇಡಿ, ಒಳಗೇ ಕಾವು ಹುಟ್ಟಿ ಬೂಷ್ಟು ಹಿಡಿಯುತ್ತದೆ.