ನಡುವೆ ಸೇರಿಸಬೇಕಾದರೆ ಲಿಸ್ಟ್ ಬೇಕೋ, ವೆಕ್ಟರ್ ಸಾಕೋ?

ಪ್ರಶ್ನೆ: ಮಂಡ್ಯದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಸಕ್ಕರೆ ಕಾರ್ಖಾನೆ ಯಾರ್ಡಿಗೆ ಬರುವ ಕಬ್ಬಿನ ಗಾಡಿಗಳ ಸರದಿ ನೋಡಿಕೊಳ್ಳುವ ಪ್ರೋಗ್ರಾಂ ನಮ್ಮ ಮಿನಿ ಪ್ರಾಜೆಕ್ಟ್. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯುತ್ತಿದ್ದೇವೆ. ಮೊದಲು ಕಟಾವಾದ ಕಬ್ಬು ಮೊದಲು ಹೋಗಬೇಕು, ಹಾಗಾಗಿ ಹೊಸದಾಗಿ ಬಂದ ಗಾಡಿ ಸರದಿಯ ನಡುವೆ ಎಲ್ಲಾದರೂ ಸೇರಬಹುದು. ನಡುವೆ ಸೇರಿಸುವುದಿದ್ದರೆ ಲಿಸ್ಟ್ (ಪ್ರತಿ ಅಂಶವೂ ಪಕ್ಕದವುಗಳ ವಿಳಾಸ ಹಿಡಿದಿರುವ ಸರಪಳಿ) ಬಳಸಿ ಅಂತ ಮೇಡಂ ಹೇಳಿಕೊಟ್ಟಿದ್ದಾರೆ. ಸೀನಿಯರ್ ಒಬ್ಬರು ನಮ್ಮ ಕೋಡ್ ನೋಡಿ, "ಸುಮ್ನೆ ವೆಕ್ಟರ್ ಹಾಕ್ರಮ್ಮ" ಅಂದರು, ಅಂದರೆ ಅಂಶಗಳನ್ನು ಒಂದೇ ಸಾಲಿನಲ್ಲಿ ಇಡುವ ಪಟ್ಟಿ. ಯಾರ ಮಾತು ಕೇಳಬೇಕು?

ಉತ್ತರ: ಈ ಪ್ರಾಜೆಕ್ಟಿನ ಮಟ್ಟಿಗೆ ಸೀನಿಯರ್ ಮಾತು ಕೇಳಿ. ಮೇಡಂ ಹೇಳಿದ್ದೂ ಸುಳ್ಳಲ್ಲ. ಆದರೆ ಆ ಮಾತಿಗೆ ಒಂದು ಷರತ್ತಿದೆ, ನೋಟ್ಸಿನಿಂದ ನೋಟ್ಸಿಗೆ ಇಳಿಯುವಾಗ ಆ ಷರತ್ತೇ ಬಿಟ್ಟುಹೋಗುತ್ತದೆ.

ಲಿಸ್ಟ್‌ನಲ್ಲಿ ನಡುವೆ ಸೇರಿಸುವುದು ಓ ಆಫ್ ಒನ್, ಅಂದರೆ ಒಳಗೆ ಎಷ್ಟೇ ಅಂಶಗಳಿದ್ದರೂ ಅಷ್ಟೇ ಕೆಲಸ. ಅಕ್ಕಪಕ್ಕದ ಪಾಯಿಂಟರ್‌ಗಳನ್ನು (ಪಕ್ಕದ ಅಂಶ ಎಲ್ಲಿದೆ ಎಂದು ಹೇಳುವ ವಿಳಾಸಗಳನ್ನು) ಬದಲಿಸಿದರೆ ಮುಗಿಯಿತು. ಆದರೆ ಈ ಲೆಕ್ಕ ಶುರುವಾಗುವುದು ನೀವು ಸೇರಿಸಬೇಕಾದ ಜಾಗದಲ್ಲಿ ಆಗಲೇ ನಿಂತಿದ್ದರೆ, ಆ ಜಾಗವನ್ನು ತೋರಿಸುವ ಇಟರೇಟರ್ ಕೈಯಲ್ಲಿದ್ದರೆ. ನಿಮ್ಮ ಯಾರ್ಡಿಗೆ ಒಂದು ಟ್ರ್ಯಾಕ್ಟರ್ ಬಂತು ಅನ್ನಿ. ಅದರ ಕಬ್ಬು ಮೊನ್ನೆ ಕಟಾವಾದದ್ದು. ಸರದಿಯಲ್ಲಿ ಅದರ ಜಾಗ ಎಲ್ಲಿದೆ? ಅದನ್ನು ತಿಳಿಯಲು ಲಿಸ್ಟಿನ ತಲೆಯಿಂದ ಒಂದೊಂದೇ ನೋಡ್ (ಸರಪಳಿಯ ಒಂದು ಕೊಂಡಿ) ದಾಟುತ್ತಾ ಬರಬೇಕು. ಆ ನಡಿಗೆ ಓ ಆಫ್ ಎನ್, ಅಂದರೆ ಗಾಡಿಗಳು ಹೆಚ್ಚಿದಷ್ಟೂ ಕೆಲಸವೂ ಹೆಚ್ಚು. ಕೊನೆಯ ಒಂದು ಹೆಜ್ಜೆಯಲ್ಲಿ ಉಳಿಸಿದ್ದನ್ನು ದಾರಿಯಲ್ಲೇ ಖರ್ಚು ಮಾಡಿಯಾಗಿದೆ. ಪ್ರತಿ ಸಲ ನಡುವಿನದನ್ನು ನೋಡಿ ಅರ್ಧವನ್ನು ಕೈಬಿಡುವ ಬೈನರಿ ಸರ್ಚ್ ಮಾಡೋಣವೆಂದರೆ ಲಿಸ್ಟ್‌ನಲ್ಲಿ ನೇರವಾಗಿ ನಡುವಿಗೆ ಹಾರಲು ಬರುವುದಿಲ್ಲ. ಹೀಗೆ ಜಾಗ ಹುಡುಕಿಕೊಡುವ ಲೈಬ್ರರಿಯ ಲೋವರ್ ಬೌಂಡ್ ಫಂಕ್ಷನ್ ಲಿಸ್ಟಿನ ಮೇಲೂ ಓಡುತ್ತದೆ ನಿಜ, ಹೋಲಿಕೆಗಳೂ ಕಡಿಮೆಯಾಗುತ್ತವೆ, ನಡಿಗೆ ಮಾತ್ರ ಕಡಿಮೆಯಾಗುವುದಿಲ್ಲ.

ವೆಕ್ಟರ್‌ನಲ್ಲಿ ಇದು ತಿರುವುಮುರುವು. ಹುಡುಕುವುದು ಸಲೀಸು, ಸಾವಿರ ಗಾಡಿ ಇದ್ದರೂ ಹತ್ತು ಹೋಲಿಕೆಯ ಆಸುಪಾಸಿನಲ್ಲಿ ಜಾಗ ಸಿಗುತ್ತದೆ. ಸೇರಿಸುವಾಗ ಹಿಂದಿನವನ್ನೆಲ್ಲ ಒಂದೊಂದು ಸ್ಥಾನ ಸರಿಸಬೇಕು. ಅದೂ ಓ ಆಫ್ ಎನ್. ಕಾಗದದ ಮೇಲೆ ಎರಡೂ ಸಮಸಮ. ಮಷೀನಿನ ಮೇಲೆ ಸಮವಲ್ಲ.

ವೆಕ್ಟರ್ ತನ್ನ ಅಂಶಗಳನ್ನು ಮೆಮೊರಿಯಲ್ಲಿ ಒತ್ತೊತ್ತಾಗಿ ಇಡುತ್ತದೆ. ಲಿಸ್ಟ್ ಪ್ರತಿ ನೋಡಿಗೂ ಬೇರೆಯಾಗಿ ಜಾಗ ಕೇಳುತ್ತದೆ, ಅವು ಎಲ್ಲಿ ಬೇಕಾದರೂ ಚದುರಿ ಬೀಳಬಹುದು. ಮೈಸೂರಿನಲ್ಲಿ ಮದುವೆ ಕಾಗದ ಹಂಚಿದವರಿಗೆ ಇದರ ಕಷ್ಟ ಹೇಳಬೇಕಿಲ್ಲ. ಸರಸ್ವತಿಪುರಂನ ಒಂದೇ ಕ್ರಾಸಿನ ಹದಿನಾರು ಮನೆಗಳಾದರೆ ಕಾಫಿ ಕುಡಿದುಕೊಂಡೇ ಮುಗಿಸಬಹುದು. ಮೊದಲ ಮನೆಯವರು ಎರಡನೆಯವರ ವಿಳಾಸ ವಿಜಯನಗರ ನಾಲ್ಕನೇ ಹಂತ ಅಂದು, ಅಲ್ಲಿ ಹೋದಮೇಲೆ ಮೂರನೆಯದು ನಜರ್‌ಬಾದ್ ಅಂತ ಗೊತ್ತಾಗಿ, ಅಲ್ಲಿಂದ ಕುವೆಂಪುನಗರಕ್ಕೆ ಓಡಬೇಕಾದರೆ ದಿನವೇ ಹೋಯಿತು. ದೂರ ಒಂದು ತೊಂದರೆಯಾದರೆ, ಒಂದು ಮನೆ ಮುಟ್ಟುವ ತನಕ ಮುಂದಿನ ವಿಳಾಸವೇ ಗೊತ್ತಿಲ್ಲದಿರುವುದು ಅದಕ್ಕಿಂತ ದೊಡ್ಡದು. ಪ್ರೊಸೆಸರ್‌ಗೂ ಅದೇ ಗತಿ. ಸಾಲಾಗಿದ್ದರೆ ಮುಂದೆ ಬೇಕಾಗುವುದನ್ನು ಅದು ಊಹಿಸಿ ಮೊದಲೇ ತಂದಿಟ್ಟುಕೊಳ್ಳುತ್ತದೆ. ಪಾಯಿಂಟರ್ ಬೆನ್ನು ಹತ್ತಿದರೆ ಊಹೆಗೆ ಆಸ್ಪದವಿಲ್ಲ.

ಈಗಿನ ಸಾಮಾನ್ಯ ಪಿಸಿ ಪ್ರೊಸೆಸರ್‌ಗಳು ಮೆಮೊರಿಯಿಂದ ಒಮ್ಮೆಗೆ 64 ಬೈಟ್ ತರುತ್ತವೆ, ಇದಕ್ಕೆ ಕ್ಯಾಶ್ ಲೈನ್ ಎನ್ನುತ್ತಾರೆ. ಕ್ಯಾಶ್ ಎಂದರೆ ಪ್ರೊಸೆಸರ್ ಪಕ್ಕದಲ್ಲೇ ಇರುವ ಚಿಕ್ಕ, ವೇಗದ ಮೆಮೊರಿ. 4 ಬೈಟಿನ ಇಂಟ್‌ಗಳ ವೆಕ್ಟರ್ ಆದರೆ ಒಂದೇ ಸಲಕ್ಕೆ 16 ಸಂಖ್ಯೆ ಬಂದವು. ಲಿಸ್ಟ್ ಆದರೆ? 64 ಬಿಟ್ ಮಷೀನಿನಲ್ಲಿ ಒಂದು ನೋಡಿಗೆ ಎರಡು ಪಾಯಿಂಟರ್‌ಗಳ 16 ಬೈಟ್, ಸಂಖ್ಯೆಯ 4, ಭರ್ತಿಗೆ ಇನ್ನೊಂದು 4, ಒಟ್ಟು 24. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಮೆಮೊರಿ ಹಂಚಿಕೆಯವನು ಅದಕ್ಕೆ 32 ಬೈಟ್ ಎತ್ತಿಡುತ್ತಾನೆ. 4 ಬೈಟಿನ ಸಾಮಾನಿಗೆ 32 ಬೈಟಿನ ಗೋದಾಮು. ಕ್ಯಾಶ್‌ನಲ್ಲಿ ಸಿಕ್ಕರೆ ಒಂದೆರಡು ನ್ಯಾನೊಸೆಕೆಂಡಿನಲ್ಲಿ ಆಗುವ ಕೆಲಸ, ರ‍್ಯಾಮ್‌ವರೆಗೆ ಹೋಗಬೇಕಾದರೆ ನೂರರ ಸುತ್ತಮುತ್ತ ತಲುಪುತ್ತದೆ. ಸಿ ಪ್ಲಸ್ ಪ್ಲಸ್ ಭಾಷೆಯನ್ನು ರೂಪಿಸಿದ ಬ್ಯಾರ್ನ್ ಸ್ಟ್ರೌಸ್ಟ್ರಪ್ ಅವರೇ 2012ರ ಒಂದು ಭಾಷಣದಲ್ಲಿ ಹೆಚ್ಚುಕಡಿಮೆ ನಿಮ್ಮದೇ ಸಮಸ್ಯೆಯನ್ನು ತೋರಿಸಿದ್ದರು: ಸಂಖ್ಯೆಗಳನ್ನು ಕ್ರಮ ಕೆಡದಂತೆ ಸೇರಿಸುವುದು, ಆಮೇಲೆ ಒಂದೊಂದಾಗಿ ತೆಗೆಯುವುದು. ವೆಕ್ಟರ್ ಗೆದ್ದಿತು, ಸಂಖ್ಯೆಗಳು ಹೆಚ್ಚಿದಷ್ಟೂ ಲಿಸ್ಟ್ ಇನ್ನಷ್ಟು ಹಿಂದೆ ಬಿತ್ತು.

ನಿಮ್ಮ ಗಾಡಿಯ ದಾಖಲೆಗೆ ಬರೋಣ. ವಾಹನದ ನಂಬರ್, ಟೋಕನ್, ಕಟಾವಿನ ದಿನ, ಅಂದಾಜು ತೂಕ. ಜಿಸಿಸಿ ಕಂಪೈಲರಿನಲ್ಲಿ ಪಠ್ಯ ಇಡುವ ಸ್ಟ್ರಿಂಗ್ ತೆಗೆದುಕೊಳ್ಳುವುದು 32 ಬೈಟ್, 15 ಅಕ್ಷರದವರೆಗಿನ ಪಠ್ಯವನ್ನು ಅದು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಕೆಎ 11ರ ಯಾವ ನಂಬರ್ ಪ್ಲೇಟೂ ಅದರಲ್ಲಿ ಹಿಡಿಯುತ್ತದೆ. ಎಲ್ಲ ಸೇರಿ 48 ಬೈಟ್, 300 ಗಾಡಿಗೆ 14,400. ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್‌ಗೆ ತೀರಾ ಹತ್ತಿರದ ಎಲ್1 ಕ್ಯಾಶ್‌ನಲ್ಲೇ ಇಡೀ ಯಾರ್ಡ್ ನಿಂತುಬಿಡಬಹುದು. ಇಷ್ಟು ಕಡಿಮೆ ಗಾಡಿಗೆ ಲಿಸ್ಟ್ ಹಾಕಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಆದರೂ ನನ್ನ ಮತ ವೆಕ್ಟರಿಗೇ, ಏಕೆಂದರೆ ಸಾರ್ಟ್, ಬೈನರಿ ಸರ್ಚ್, "ಹತ್ತನೇ ಗಾಡಿ ಯಾವುದು" ಎಂಬ ಪ್ರಶ್ನೆ, ಎಲ್ಲವೂ ಅದರಲ್ಲಿ ನೇರ.

ಜಾಗ ಹುಡುಕುವಾಗ ಅಪ್ಪರ್ ಬೌಂಡ್ ಬಳಸಿ, ಅದು ಸಮನಾದವುಗಳ ನಂತರದ ಜಾಗ ಕೊಡುತ್ತದೆ. ಲೋವರ್ ಬೌಂಡ್ ಬಳಸಿದರೆ ಒಂದೇ ದಿನ ಕಟಾವಾದ ಕಬ್ಬಿನಲ್ಲಿ ಆಮೇಲೆ ಬಂದ ಗಾಡಿ ಮೊದಲು ಬಂದವರ ಮುಂದೆ ನಿಲ್ಲುತ್ತದೆ. ಬೆಳಗಿನ ಜಾವ ಟೋಕನ್ ತೆಗೆದುಕೊಂಡ ರೈತರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ!

ಸರದಿಯ ಮುಂದಿನಿಂದ ಗಾಡಿಯನ್ನು ವೇಬ್ರಿಡ್ಜಿಗೆ ಕಳಿಸುವಾಗ ವೆಕ್ಟರ್ ಉಳಿದದ್ದನ್ನೆಲ್ಲ ಮುಂದಕ್ಕೆ ಸರಿಸುತ್ತದೆ. ಅದು ಕಿರಿಕಿರಿ ಅನಿಸಿದರೆ ಡೆಕ್ ಇದೆ. ಅದರಲ್ಲಿ ಎರಡೂ ತುದಿಯಲ್ಲಿ ಸೇರಿಸುವುದು, ತೆಗೆಯುವುದು ಅಗ್ಗ, ಬೈನರಿ ಸರ್ಚೂ ನಡೆಯುತ್ತದೆ. ನೀವು ಕ್ಲಾಸಿನಲ್ಲಿ ಬಳಸಿದ ಕ್ಯೂ ಒಳಗೆ ಕೆಲಸ ಮಾಡುವುದೂ ಡೆಕ್ಕೇ. ವಾಹನದ ನಂಬರ್ ಕೊಟ್ಟು ವಿವರ ಕೇಳುವವರಿಗಾಗಿ ಪಕ್ಕದಲ್ಲಿ ಒಂದು ಅನ್‌ಆರ್ಡರ್ಡ್ ಮ್ಯಾಪ್ ಇರಲಿ, ಕೀಲಿ ಕೊಟ್ಟರೆ ವಿವರವನ್ನು ನೇರವಾಗಿ ಕೊಡುವ ಇದು ಸಿ ಪ್ಲಸ್ ಪ್ಲಸ್ ಭಾಷೆಯ 2011ರ ಸ್ಟ್ಯಾಂಡರ್ಡಿನಲ್ಲಿ ಬಂದದ್ದು. ಅದರಲ್ಲಿ ವೆಕ್ಟರಿನೊಳಗಿನ ಗಾಡಿಯ ಪಾಯಿಂಟರ್ ಮಾತ್ರ ಇಡಬೇಡಿ. ವೆಕ್ಟರ್ ತುಂಬಿದಾಗ ಬೇರೆ ಕಡೆ ದೊಡ್ಡ ಜಾಗ ಹಿಡಿದು ಎಲ್ಲವನ್ನೂ ಅಲ್ಲಿಗೆ ಸಾಗಿಸುತ್ತದೆ, ಹಳೆಯ ಪಾಯಿಂಟರ್‌ಗಳು ಅಷ್ಟೊತ್ತಿಗೆ ಖಾಲಿ ಸೈಟ್ ತೋರಿಸುತ್ತಿರುತ್ತವೆ. ರಿಸರ್ವ್ ಮಾಡಿ ಜಾಗ ಮೊದಲೇ ಹಿಡಿದರೂ ಪೂರ್ತಿ ಪರಿಹಾರವಲ್ಲ, ನಡುವೆ ಸೇರಿಸಿದಾಗ ಹಿಂದಿನವು ಸರಿಯುತ್ತವಲ್ಲ. ದಾಖಲೆಗಳೆಲ್ಲ ಮ್ಯಾಪಿನಲ್ಲೇ ಇರಲಿ, ಸರದಿಯಲ್ಲಿ ಟೋಕನ್ ಮತ್ತು ಕಟಾವಿನ ದಿನದ ಜೊತೆಗೆ ವಾಹನದ ನಂಬರ್ ಇದ್ದರೆ ಸಾಕು.

ಹಾಗಾದರೆ ಲಿಸ್ಟ್ ಯಾತಕ್ಕಿದೆ? ಈ ವಿಷಯಕ್ಕೇ ಇದೆ. ಬೇರೆಯವನ್ನು ಸೇರಿಸಿದರೂ ತೆಗೆದರೂ ಲಿಸ್ಟಿನ ಅಂಶ ಕೂತ ಜಾಗ ಬಿಟ್ಟು ಕದಲುವುದಿಲ್ಲ, ಅದರ ಇಟರೇಟರ್ ಕೆಡುವುದಿಲ್ಲ. ಸ್ಪ್ಲೈಸ್ ಎಂಬ ಫಂಕ್ಷನ್ ಒಂದು ನೋಡನ್ನು ನಕಲು ಮಾಡದೆ ಇನ್ನೊಂದು ಲಿಸ್ಟಿಗೆ ಹಾಗೇ ಕೊಂಡಿ ಹಾಕುತ್ತದೆ. ಇತ್ತೀಚೆಗೆ ಬಳಸಿದ್ದನ್ನು ಮುಂದಿಟ್ಟು ಹಳೆಯದನ್ನು ಹೊರಹಾಕುವ ಎಲ್ಆರ್‌ಯು ಕ್ಯಾಶ್ ಬರೆಯುವವರು ಲಿಸ್ಟ್ ಮತ್ತು ಅನ್‌ಆರ್ಡರ್ಡ್ ಮ್ಯಾಪ್ ಜೋಡಿಸುವುದು ಇದೇ ಕಾರಣಕ್ಕೆ. ಅಲ್ಲಿ ಮ್ಯಾಪ್ ನೇರವಾಗಿ ಇಟರೇಟರನ್ನೇ ಕೊಡುತ್ತದೆ, ನಡಿಗೆಯೇ ಇಲ್ಲ, ಮೇಡಂ ಹೇಳಿದ ಓ ಆಫ್ ಒನ್ ಪೂರ್ತಿ ಸಿಗುತ್ತದೆ.

ನನ್ನ ಮಾತು ನಂಬದೆ ಅಳೆದು ನೋಡಿದರೆ ಇನ್ನೂ ಸಂತೋಷ. ಕಂಪೈಲರಿನ ಆಪ್ಟಿಮೈಸೇಶನ್ ಆನ್ ಮಾಡಿ ಅಳೆಯಿರಿ. ವಿಷುಯಲ್ ಸ್ಟುಡಿಯೋದ ಡೀಬಗ್ ಬಿಲ್ಡಿನಲ್ಲಿ ಇಟರೇಟರ್ ತಪಾಸಣೆಗಳು ಕೂತಿರುತ್ತವೆ, ಅಲ್ಲಿನ ಅಂಕಿಗಳಿಂದ ಏನೂ ತೀರ್ಮಾನಿಸಲಾಗದು.

ಇನ್ನು ಪರೀಕ್ಷೆ. ಅಲ್ಲಿ ಲಿಸ್ಟ್‌ಗೆ ಓ ಆಫ್ ಒನ್ ಎಂದೇ ಬರೆಯಿರಿ, ಸ್ಟ್ಯಾಂಡರ್ಡ್ ಕೂಡ ಹಾಗೇ ಹೇಳುತ್ತದೆ. ಪಕ್ಕದಲ್ಲಿ "ಜಾಗದ ಇಟರೇಟರ್ ಮೊದಲೇ ಇದ್ದಲ್ಲಿ" ಎಂದು ಸೇರಿಸಿ. ಅದಕ್ಕೆ ಯಾರೂ ಮಾರ್ಕ್ಸ್ ಕಳೆಯಲಾರರು.