ಪದಕಕ್ಕೆ ಚಿನ್ನ ಎಲ್ಲಿಂದ ಬರುತ್ತೆ?

ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಸಭೆಯ ಮರುದಿನ ಪತ್ರಿಕೆಯಲ್ಲಿ ಸಾಮಾನ್ಯವಾಗಿ ದೊಡ್ಡದಾಗಿ ಬರುವುದು ಒಂದೇ ಸುದ್ದಿ: ಈ ಸಲ ಗೌರವ ಡಾಕ್ಟರೇಟ್ ಯಾರಿಗೆ? ಅದೇ ಸಭೆಯಲ್ಲಿ ಇಡೀ ವರ್ಷದ ಬಜೆಟ್ ಪಾಸಾಗಿದ್ದರೂ ಅದಕ್ಕೆ ಒಳಪುಟದಲ್ಲಿ ನಾಲ್ಕು ಸಾಲು. ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಕೂತು ಈ ಎರಡೂ ಬಗೆಯ ಕಡತ ನೋಡಿದವನು ನಾನು. ಇವು ಬೇರೆ ಬೇರೆ ವಿಷಯ ಅಂತ ನನಗೆ ಅನ್ನಿಸಿಯೇ ಇಲ್ಲ. ಗೌರವಕ್ಕೂ ಒಂದು ಬಿಲ್ ಇರುತ್ತದೆ.

ನಮ್ಮ ಸರ್ಕಾರಿ ವಿ.ವಿ.ಗಳು ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರ ಪ್ರಕಾರ. ಬಜೆಟನ್ನು ಹಣಕಾಸು ಅಧಿಕಾರಿ ತಯಾರಿಸುತ್ತಾರೆ, ಹಣಕಾಸು ಸಮಿತಿ ನೋಡುತ್ತದೆ, ಸಿಂಡಿಕೇಟ್ ಒಪ್ಪುತ್ತದೆ. ಗೌರವ ಡಾಕ್ಟರೇಟ್ ಹೆಸರುಗಳೂ ಸಿಂಡಿಕೇಟಿಗೇ ಬರುತ್ತವೆ. ಆದರೆ ಕುಲಾಧಿಪತಿಗಳಾದ ರಾಜ್ಯಪಾಲರು ಒಪ್ಪುವ ತನಕ ಅದು ಬರೀ ಶಿಫಾರಸು. ಪಡೆಯುವವರು ಒಪ್ಪಬೇಕು, ಅದು ಬೇರೆ ಮಾತು. 2017ರ ಜನವರಿಯಲ್ಲಿ ಬೆಂಗಳೂರು ವಿ.ವಿ. ಕೊಡಲು ಹೊರಟ ಗೌರವ ಡಾಕ್ಟರೇಟನ್ನು ರಾಹುಲ್ ದ್ರಾವಿಡ್ ಬೇಡ ಅಂದರು. ಕ್ರೀಡೆಯಲ್ಲಿ ಸಂಶೋಧನೆ ಮಾಡಿಯೇ ಪದವಿ ಗಳಿಸುತ್ತೇನೆ ಅಂತ ತಿಳಿಸಿದರು. ಅಂಥವರು ಅಪರೂಪ. ಹೆಸರು ಸೇರಿಸಿ ಅಂತ ಬರುವ ಫೋನುಗಳೇ ಜಾಸ್ತಿ.

ಡಾಕ್ಟರೇಟ್ ಖರ್ಚು ಒಂದು ದಿನದ್ದು. ಗೌನು, ಪ್ರಯಾಣ, ಊಟ, ಅಷ್ಟೇ. ನಿಜವಾದ ತಲೆನೋವು ದತ್ತಿ ಪದಕಗಳದ್ದು.

"ಸಾರ್, ನಮ್ಮಪ್ಪ ಇಲ್ಲೇ ಮೇಷ್ಟ್ರಾಗಿದ್ರು. ಅವರ ಹೆಸರಲ್ಲಿ ಒಂದು ಗೋಲ್ಡ್ ಮೆಡಲ್ ಇಡಬೇಕು. ಎಷ್ಟು ಕಟ್ಟಬೇಕು?" ಹೀಗೆ ಕೇಳಿಕೊಂಡು ಬರುವವರು ಪ್ರತಿ ವರ್ಷ ಇರುತ್ತಾರೆ. ಕಟ್ಟಿದ ಹಣ ಬ್ಯಾಂಕಿನಲ್ಲಿ ಠೇವಣಿಯಾಗುತ್ತದೆ, ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲಿ ಪದಕ ಮಾಡಿಸಬೇಕು. ಈಗ ಲೆಕ್ಕ ಹಾಕಿ. 1990ರ ಸುಮಾರಿಗೆ ಹತ್ತು ಗ್ರಾಂ ಚಿನ್ನಕ್ಕೆ ಮೂರು ಸಾವಿರ ಚಿಲ್ಲರೆ. ಆಗ ಯಾರೋ 10,000 ರೂಪಾಯಿ ದತ್ತಿ ಇಟ್ಟರು ಅನ್ನಿ. ಶೇ 10ರ ಬಡ್ಡಿ ಸಿಕ್ಕರೆ ವರ್ಷಕ್ಕೆ ಸಾವಿರ, ಅಂದರೆ ಹತ್ತಿರ ಹತ್ತಿರ ಮೂರು ಗ್ರಾಂ ಚಿನ್ನ. 2025ರಲ್ಲಿ ಹತ್ತು ಗ್ರಾಂ ಬೆಲೆ ಲಕ್ಷ ದಾಟಿತು. ಲಕ್ಷ ಅಂತಲೇ ಹಿಡಿಯೋಣ. ಶೇ 6.5ರ ಬಡ್ಡಿಯಲ್ಲಿ ಅದೇ ಠೇವಣಿಗೆ ಬರುವುದು 650 ರೂಪಾಯಿ. ಒಂದು ಗ್ರಾಮಿನ ಹದಿನೈದನೇ ಒಂದು ಪಾಲೂ ಬರುವುದಿಲ್ಲ! ಅದಕ್ಕೇ ಎಷ್ಟೋ ಕಡೆ ಇಂದು "ಚಿನ್ನದ ಪದಕ" ಅಂದರೆ ಬೆಳ್ಳಿಗೆ ಚಿನ್ನದ ನೀರು ಕುಡಿಸಿದ್ದು, ಇಲ್ಲವೇ ಪ್ರಮಾಣಪತ್ರದ ಜೊತೆ ಒಂದಿಷ್ಟು ನಗದು. ಮಕ್ಕಳಿಗೆ ಬೇಜಾರಾಗುತ್ತದೆ, ನಿಜ. ಆದರೆ ಬಾಕಿ ಹಣ ಹಾಕಿ ಅಂದರೆ ಅದು ಯಾವ ಲೆಕ್ಕಶೀರ್ಷಿಕೆಯಿಂದ ಬರಬೇಕು? ಪರೀಕ್ಷಾ ಶುಲ್ಕದಿಂದ ತಾನೇ? ಮಕ್ಕಳು ಕಟ್ಟಿದ ಫೀಸಲ್ಲಿ ಮಕ್ಕಳಿಗೇ ಪದಕ ಕೊಟ್ಟ ಹಾಗಾಯಿತು.

ಇದೇ ಸಿಂಡಿಕೇಟ್ ಸಭೆಗೆ ಮಾರ್ಚ್ ಹೊತ್ತಿಗೆ ಬಜೆಟ್ ಬರುತ್ತದೆ. ಮಂಜೂರಾದ ಹುದ್ದೆಗಳ ಸಂಬಳಕ್ಕೆ ಸರ್ಕಾರ ಅನುದಾನ ಕೊಡುತ್ತದೆ. ಅತಿಥಿ ಉಪನ್ಯಾಸಕರು, ಹಾಸ್ಟೆಲ್, ಕರೆಂಟು ಬಿಲ್ಲು, ಕಟ್ಟಡ ರಿಪೇರಿಯ ಹೊರೆ ಹೆಚ್ಚಾಗಿ ಆಂತರಿಕ ಸಂಪನ್ಮೂಲದ ಮೇಲೆ. ಆಂತರಿಕ ಸಂಪನ್ಮೂಲ ಅನ್ನುವುದು ದೊಡ್ಡ ಹೆಸರು. ಒಳಗೆ ನೋಡಿದರೆ ಕಾಲೇಜುಗಳು ವಿ.ವಿ.ಗೆ ಸೇರಿರಲು ಕಟ್ಟುವ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ, ಒಂದಿಷ್ಟು ಬಡ್ಡಿ. ಕಾಲೇಜು ಹೋದರೆ ಅದೂ ಹೋಯಿತು.

2017ರಲ್ಲಿ ಬೆಂಗಳೂರು ವಿ.ವಿ. ಮೂರು ಹೋಳಾಯಿತು. 1916ರಲ್ಲಿ ಶುರುವಾದ ಮೈಸೂರು ವಿ.ವಿ.ಯಿಂದ ಆಮೇಲೆ ಮಂಡ್ಯ, ಹಾಸನ, ಚಾಮರಾಜನಗರದ ಕಾಲೇಜುಗಳು ಹೊಸ ವಿ.ವಿ.ಗಳಿಗೆ ಹೋದವು. ಕಾಲೇಜುಗಳ ಜೊತೆ ಶುಲ್ಕವೂ ಹೋಯಿತು. ನಿವೃತ್ತ ನೌಕರರು ಮಾತ್ರ ತಾಯಿ ವಿ.ವಿ.ಯಲ್ಲೇ ಉಳಿದರು. 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರದ್ದು ಹಳೆ ಪಿಂಚಣಿ, ಅಂದರೆ ನೌಕರರ ಸಂಬಳದಲ್ಲಿ ಪಾಲು ಹಿಡಿಯದೆ ಕೊನೆತನಕ ಕೊಡುವ ಪಿಂಚಣಿ. ಅವರ ಪೈಕಿ ಇನ್ನೂ ಸೇವೆಯಲ್ಲಿರುವವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಲೇ ಇದ್ದಾರೆ. ಆದಾಯ ಇಳಿಯುತ್ತಿದೆ, ಪಿಂಚಣಿ ಏರುತ್ತಿದೆ. ಹಾಗಾಗಿ "ಕೊರತೆ ಬಜೆಟ್" ಅನ್ನುವುದು ಈಗ ಯಾರೂ ಹುಬ್ಬೇರಿಸುವ ಮಾತಲ್ಲ.

ಹೊಸ ವಿ.ವಿ.ಗಳ ಕಥೆ ಇನ್ನೂ ಕಷ್ಟ. ಕಾಲೇಜು ಬಂದವು, ಬೋರ್ಡು ಬಂತು, ಕುಲಪತಿ ಬಂದರು. ಕಾಯಂ ಅಧ್ಯಾಪಕರು ಬೆರಳೆಣಿಕೆ. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಇಂಥ ಒಂಬತ್ತು ವಿ.ವಿ. ಬೇಡ ಅನ್ನುವ ನಿಲುವಿಗೆ ಬಂದಾಗ ಹೇಳಿದ್ದು ಮುಖ್ಯವಾಗಿ ದುಡ್ಡಿನ ಕಾರಣವೇ. ಇಷ್ಟಾದರೂ ಗೌರವ ಡಾಕ್ಟರೇಟ್ ಪಟ್ಟಿಗೆ ಅರ್ಧ ದಿನ ಚರ್ಚೆ, ಪಿಂಚಣಿ ಶೀರ್ಷಿಕೆಗೆ ಎರಡು ನಿಮಿಷ ಅಂದರೆ ಹೇಗೆ, ಅಲ್ವಾ? ನಲವತ್ತು ವರ್ಷ ದುಡಿದ ಗುಮಾಸ್ತರಿಗೆ ಬೀಳ್ಕೊಡುಗೆಯ ದಿನ ಪೇಟ, ಹಾರ, ಶಾಲು. ಮುಂದಿನ ತಿಂಗಳು ಅವರೇ ಕೌಂಟರಿನ ಮುಂದೆ ನಿಂತು "ನನ್ನ ಪಿಂಚಣಿ ಕಡತ ಎಲ್ಲಿಗೆ ಬಂತಪ್ಪಾ?" ಅಂತ ಕೇಳುತ್ತಾರೆ. ಸೇವೆಗೆ ಕೊಡುವ ಮೊದಲ ಗೌರವ ಆ ಕಡತದಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ಶಾಲು ಆಮೇಲೆ.

ದತ್ತಿ ಇಡಲು ಬಂದವರಿಗೆ ನಾನು ಹೇಳುವುದು ಇಷ್ಟೇ. ಪತ್ರದಲ್ಲಿ "ಇಷ್ಟು ಗ್ರಾಂ ಚಿನ್ನ" ಅಂತ ಬರೆಸಬೇಡಿ, "ಬಡ್ಡಿ ಬಂದಷ್ಟರಲ್ಲಿ" ಅಂತ ಬರೆಸಿ. ಬಡ್ಡಿಯಲ್ಲಿ ಒಂದು ಪಾಲು ಪ್ರತಿ ವರ್ಷ ಅಸಲಿಗೆ ಸೇರಲಿ ಅಂತಲೂ ಸೇರಿಸಿ. ಇಲ್ಲದಿದ್ದರೆ ಮೂವತ್ತು ವರ್ಷದ ನಂತರ ಅಸಲಿನ ಬೆಲೆ ಸುಮ್ನೆ ಸವೆದಿರುತ್ತದೆ. ಪದಕವೇ ಬೇಕೆಂಬ ಹಟ ಇಲ್ಲದಿದ್ದರೆ ನಿಮ್ಮಪ್ಪನ ಹೆಸರಲ್ಲಿ ಒಬ್ಬ ವಿದ್ಯಾರ್ಥಿಯ ಹಾಸ್ಟೆಲ್ ಶುಲ್ಕ ಕಟ್ಟುವ ದತ್ತಿ ಇಡಿ. ಅದಕ್ಕೂ ಸಿಂಡಿಕೇಟಿನ ಒಪ್ಪಿಗೆ ಬೇಕು. ಒಪ್ಪಿಗೆಯಾದ ಮೇಲೆ ಆ ಸಭೆಯ ನಡಾವಳಿಯ ಒಂದು ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿ ಇಟ್ಟುಕೊಳ್ಳಿ.